ನಮ್ಮ ಬಿಸಿಲಿಗೆ ಎಷ್ಟು ಓವರ್‌ಕ್ಲಾಕ್?

ಸುದ್ದಿಗೆ ಇಷ್ಟು ಎಂದು ದುಡ್ಡು ಪಡೆಯುವ ನನ್ನಂಥ ವರದಿಗಾರನಿಗೆ ಕಂಪ್ಯೂಟರ್ ಎಂದರೆ ಹೊಲದವನಿಗೆ ಎತ್ತು ಇದ್ದ ಹಾಗೆ. ಅದು ಮಲಗಿದರೆ ಆ ದಿನದ ದುಡಿಮೆ ಇಲ್ಲ. ಬಾಗಲವಾಡದ ನಮ್ಮ ಮನೆಯಲ್ಲಿರುವುದು 2019ರಲ್ಲಿ ಮಾರುಕಟ್ಟೆಗೆ ಬಂದ ರೈಜನ್ 3 3200ಜಿ ಪ್ರೊಸೆಸರ್. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಗ್ರಾಫಿಕ್ಸ್ ಈ ಚಿಪ್ಪಿನ ಒಳಗೇ ಇದೆ. ವಿಡಿಯೊ ಎಡಿಟ್ ಮಾಡುವಾಗ ಮುಕ್ಕರಿಯುತ್ತದೆ.

ಊರ ಹುಡುಗರು, "ಅಣ್ಣಾ, ಓವರ್‌ಕ್ಲಾಕ್ ಮಾಡ್ರಿ, ಜೋರ್ ಓಡ್ತದ" ಅಂತಾರೆ. ಕಂಪನಿ ಇಟ್ಟ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಚಿಪ್ ಓಡಿಸುವುದೇ ಓವರ್‌ಕ್ಲಾಕ್. ಮಾಡಬಹುದು, ನಾನೂ ಸ್ವಲ್ಪ ಮಾಡಿದ್ದೇನೆ. ಆದರೆ ಯೂಟ್ಯೂಬಿನಲ್ಲಿ ತೋರಿಸುವ ಅಂಕಿಗಳನ್ನು ನಮ್ಮ ಕಡೆ ಹಾಗೇ ಹಾಕಬೇಡಿ.

ಲೆಕ್ಕ ಸರಳ. ವಿಡಿಯೊ ಮಾಡಿದವರ ಕೋಣೆ 25 ಡಿಗ್ರಿ, ಅವರ ಚಿಪ್ 75 ಡಿಗ್ರಿ ಎಂದುಕೊಳ್ಳಿ. ಕೋಣೆಗಿಂತ 50 ಹೆಚ್ಚು. ಫ್ಯಾನ್ ಬೀಸುವುದು ಕೋಣೆಯ ಗಾಳಿಯನ್ನೇ. ಮೇ ತಿಂಗಳಲ್ಲಿ ನಮ್ಮ ತಗಡಿನ ಕೋಣೆ 42 ಡಿಗ್ರಿ ಇದ್ದರೆ ಅದೇ ಚಿಪ್ ಸುಮಾರು 92ಕ್ಕೆ ಏರುತ್ತದೆ. ಇದರ ಮಿತಿ 95. ಅಲ್ಲಿಗೆ ಮುಟ್ಟಿದರೆ ಚಿಪ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಜೋರು ಓಡಿಸಲು ಹೋಗಿ ಇದ್ದ ವೇಗವೂ ಹೋಗುತ್ತದೆ.

ಹಾಗಾಗಿ ಮೊದಲು ಧೂಳು. ಹೀಟ್‌ಸಿಂಕ್‌ನಲ್ಲಿ ಎರೆಮಣ್ಣಿನ ಧೂಳು, ಹತ್ತಿಯ ಎಳೆ ಮೆತ್ತಿಕೊಂಡಿರುತ್ತವೆ. ವೈರ್ ಕಿತ್ತು, ಬ್ರಷ್‌ನಿಂದ ತೆಗೆಯಿರಿ.

ಎರಡನೆಯದು ರ‍್ಯಾಮ್. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಅದು ರ‍್ಯಾಮ್ ಅನ್ನೇ ಹಂಚಿಕೊಳ್ಳುತ್ತದೆ. ಕಾಲುವೆಯಲ್ಲಿ ನೀರು ಬರದಿದ್ದರೆ ಹೊಲ ಎಷ್ಟಿದ್ದು ಏನು ಉಪಯೋಗ? ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2400 ವೇಗದ ಒಂದೇ ರ‍್ಯಾಮ್ ಸೆಕೆಂಡಿಗೆ ಹೆಚ್ಚೆಂದರೆ 19.2 ಜಿಬಿ ಸಾಗಿಸುತ್ತದೆ. 3200 ವೇಗದ ಜೋಡಿ ರ‍್ಯಾಮ್ 51.2 ಜಿಬಿ ಸಾಗಿಸುತ್ತದೆ. ನಾನು ಜೋಡಿ ಹಾಕಿ, ಬಯೋಸ್‌ನಲ್ಲಿ ಎಕ್ಸ್‌ಎಂಪಿ ಪ್ರೊಫೈಲ್ ಆನ್ ಮಾಡಿದೆ. ಕೆಲವು ಬೋರ್ಡ್‌ಗಳಲ್ಲಿ ಇದರ ಹೆಸರು ಡಿಒಸಿಪಿ. ಈ ಚಿಪ್ಪಿಗೆ ಕಂಪನಿ ಹೇಳಿದ ರ‍್ಯಾಮ್ ವೇಗ 2933. ಆದ್ದರಿಂದ 3200 ಕೂಡ ಓವರ್‌ಕ್ಲಾಕೇ. ವಿಡಿಯೊ ಎಡಿಟ್‌ಗೆ ನನಗೆ ಹೆಚ್ಚು ನೆರವಾದದ್ದು ಇದು.

ಮೂರನೆಯದು ಗ್ರಾಫಿಕ್ಸ್ ವೇಗ. ಕಂಪನಿ ಇಟ್ಟದ್ದು 1250 ಮೆಗಾಹರ್ಟ್ಸ್. ಒಂದು ಸಲಕ್ಕೆ 50 ಮಾತ್ರ ಏರಿಸಿ, ಅರ್ಧ ತಾಸು ಕೆಲಸ ಮಾಡಿಸಿ ನೋಡಿ. ಪರದೆಯಲ್ಲಿ ಗೆರೆ ಬಂದರೆ, ತಾನೇ ಬಂದ್ ಆದರೆ ಅಥವಾ 85 ಡಿಗ್ರಿ ದಾಟಿದರೆ ಹಿಂದಿನ ಅಂಕಿಗೆ ಬನ್ನಿ. ಪರೀಕ್ಷೆ ಮಾಡುವುದು ಮಧ್ಯಾಹ್ನ ಎರಡಕ್ಕೆ, ಬೇಸಿಗೆಯಲ್ಲಿ. ಡಿಸೆಂಬರ್ ರಾತ್ರಿ ಪಾಸಾದದ್ದು ಮೇ ತಿಂಗಳಲ್ಲಿ ಫೇಲಾಗಬಹುದು.

ಪ್ರೊಸೆಸರ್ ವೋಲ್ಟೇಜ್ ಏರಿಸಬೇಡಿ. ವೇಗ ಅಷ್ಟೇ ಇದ್ದು ವೋಲ್ಟೇಜ್ ಶೇ 10 ಏರಿದರೂ ಶಾಖ ಸುಮಾರು ಶೇ 21 ಏರುತ್ತದೆ. ನಮ್ಮಲ್ಲಿ ಒಂದೇ ಹೀಟ್‌ಸಿಂಕ್ ಪ್ರೊಸೆಸರ್, ಗ್ರಾಫಿಕ್ಸ್ ಎರಡರ ಬಿಸಿಯನ್ನೂ ಹೊರಬೇಕು.

ಕರೆಂಟಿನ ಮಾತೂ ಇದೆ. ನಮ್ಮ ಜಿಲ್ಲೆಯ ಶಕ್ತಿನಗರದಲ್ಲಿ 1720 ಮೆಗಾವ್ಯಾಟ್‌ನ ಸ್ಥಾವರವಿದ್ದರೂ ಹಳ್ಳಿಯಲ್ಲಿ ಕರೆಂಟ್ ಬಂದು ಹೋಗಿ ಮಾಡುತ್ತದೆ. ಯುಪಿಎಸ್ ಇಲ್ಲದೆ ಬಯೋಸ್ ಅಪ್‌ಡೇಟ್ ಮಾಡಲೇಬೇಡಿ, ನಡುವೆ ಕರೆಂಟ್ ಹೋದರೆ ಬೋರ್ಡೇ ಕೆಡಬಹುದು. ಸೆಟ್ಟಿಂಗ್ ಬದಲಿಸಿದ ಮೇಲೆ ಆನ್ ಆಗದಿದ್ದರೆ ಗಾಬರಿ ಬೇಡ. ವೈರ್ ಕಿತ್ತು, ಬೋರ್ಡಿನ ಗುಂಡನೆಯ ಸೆಲ್ ಐದು ನಿಮಿಷ ತೆಗೆದು ಮತ್ತೆ ಹಾಕಿದರೆ ಸಾಮಾನ್ಯವಾಗಿ ಹಳೇ ಸೆಟ್ಟಿಂಗ್ ಬರುತ್ತದೆ.

ಬೋರ್ಡ್ ಹೆಸರನ್ನೂ ನೋಡಿಕೊಳ್ಳಿ. ಬಿ450 ಚಿಪ್‌ಸೆಟ್‌ನಲ್ಲಿ ಪ್ರೊಸೆಸರ್ ಓವರ್‌ಕ್ಲಾಕ್‌ಗೆ ಅವಕಾಶವಿದೆ, ಎ320ರಲ್ಲಿ ಇಲ್ಲ. ಓವರ್‌ಕ್ಲಾಕ್‌ನಿಂದ ಚಿಪ್ ಸುಟ್ಟರೆ ಕಂಪನಿಯ ವಾರಂಟಿ ಸಿಗುವುದಿಲ್ಲ. ರಿಪೇರಿಗೆ ರಾಯಚೂರಿಗೆ ಹೋಗಿ ಬರುವ ಖರ್ಚು, ಆ ದಿನ ತಪ್ಪುವ ಕೂಲಿ, ಎರಡನ್ನೂ ಮೊದಲು ಕೂಡಿಸಿ ನೋಡಿ. ಆಮೇಲೆ 50 ಏರಿಸಿ.