ಗಾಳಿ ಹೊಕ್ಕ ದಾರಿ

ಬ್ರೇಕ್ ಪೆಡಲನ್ನು ಅವರು ಬರಿಗಾಲಲ್ಲೇ ಒತ್ತಿ ನೋಡುವುದು. ಚಪ್ಪಲಿ ಇದ್ದರೆ ಅರ್ಧ ಸುದ್ದಿ ಚಪ್ಪಲಿಯಲ್ಲೇ ನಿಂತುಬಿಡುತ್ತದೆ ಎಂಬುದು ಅವರ ವಾದ. ತೀರ್ಥಹಳ್ಳಿ ಕಡೆಯ ಈ ಬೆಳೆಗಾರರಿಗೆ ಅಡಿಕೆ ತೋಟ ಹೊಟ್ಟೆಪಾಡು. ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ನಿಂತಿರುವ ಇಪ್ಪತ್ತು ವರ್ಷ ಹಳೆಯ ಪುಟ್ಟ ಲಾರಿ ಖುಷಿಯ ಬಾಬತ್ತು. ಆ ಲಾರಿಯ ಪೆಡಲು ಒಂದು ಮಳೆಗಾಲ ಪೂರ್ತಿ ಅವರನ್ನು ಆಟವಾಡಿಸಿತು. ಏರ್ ತೆಗೆಸಿ ತಂದರೆ ಕಲ್ಲಿನಷ್ಟು ಗಟ್ಟಿ. ಮೂರು ವಾರ ಕಳೆಯುವಷ್ಟರಲ್ಲಿ ಮತ್ತೆ ಹತ್ತಿಯ ದಿಂಬು.

ಗ್ಯಾರೇಜಿನಲ್ಲಿ ಪ್ರತಿ ಸಲವೂ ಒಂದೇ ಮದ್ದು: ಏರ್ ಹಿಡಿದಿದೆ, ತೆಗೆಯೋಣ. ಎರಡನೆಯ ಸಲ, ಪೆಡಲಿನ ಒತ್ತನ್ನು ದ್ರವಕ್ಕೆ ದಾಟಿಸುವ ಮಾಸ್ಟರ್ ಸಿಲಿಂಡರನ್ನೂ ಹೊಸದು ಹಾಕಿ ದುಡ್ಡು ಎಣಿಸಿಕೊಂಡರು. ಗಾಳಿ ಹೊರಗೆ ಹೋದದ್ದು ನಿಜ. ಒಳಗೆ ಬಂದದ್ದು ಎಲ್ಲಿಂದ ಎಂದು ಮಾತ್ರ ಯಾರೂ ಕೇಳಲಿಲ್ಲ. ಮೂರನೆಯ ಸಲ ಅವರು ಲಾರಿಯನ್ನು ಶೆಡ್ಡಿನಿಂದ ಹೊರಗೆ ತೆಗೆಯಲೇ ಇಲ್ಲ. ಅಡಿಕೆ ಸಾಗಿಸಲು ಬಾಡಿಗೆ ಗಾಡಿ ಕರೆಸಿ, ಗೋಡೆಗೆ ನೇತುಹಾಕಿದ್ದ ಹಳೆಯ ಲುಂಗಿ ಸುತ್ತಿಕೊಂಡರು. ಮನೆಯವರಿಗೆ ಆ ಲುಂಗಿ ಕಂಡರೆ ಸಾಕು, ಊಟಕ್ಕೆ ಎರಡು ಸಲ ಕರೆಯಬೇಕು ಎಂದು ಅರ್ಥವಾಗುತ್ತದೆ.

ಪೆಡಲು ಮೆತ್ತಗಾಗಿದೆ ಎನ್ನುವುದು ಹೊಟ್ಟೆನೋವು ಎಂದಂತೆ; ಎಂಥ ನೋವು ಎಂದು ಕೇಳದೆ ಔಷಧ ಕೊಡಬಾರದು. ಮೊದಲ ಒತ್ತಿಗೆ ಪೆಡಲು ಕೆಳಗೆ ಹೋಗಿ, ಎರಡನೆಯ ಒತ್ತಿಗೆ ಮೇಲೆ ಬಂದು ಗಟ್ಟಿಯಾಗಿ ನಿಂತರೆ ಹಿಂದಿನ ಲೈನರ್ ಡ್ರಮ್ಮಿನಿಂದ ದೂರವಿದೆ ಎಂದು ಅನುಮಾನಿಸಬೇಕು. ಒತ್ತಿ ಹಿಡಿದ ಕಾಲಿನಡಿ ಪೆಡಲು ಮೆಲ್ಲಗೆ ಕುಸಿಯುತ್ತ ಹೋದರೆ, ಹೊರಗೆ ಸೋರಿಕೆಯೂ ಕಾಣದಿದ್ದರೆ, ಮಾಸ್ಟರ್ ಸಿಲಿಂಡರಿನೊಳಗಿನ ರಬ್ಬರನ್ನು ದಾಟಿ ಎಣ್ಣೆ ಹಿಂದಕ್ಕೆ ಜಾರುತ್ತಿದೆ. ಒತ್ತಿದಷ್ಟೂ ಸ್ಪಂಜಿನಂತೆ ಕುಗ್ಗಿ, ಬಿಟ್ಟರೆ ಕಾಲನ್ನು ಮೇಲಕ್ಕೆ ತಳ್ಳಿದರೆ ಅದು ಬಹುತೇಕ ಗಾಳಿಯೇ. ಅವರ ಹೆಬ್ಬೆರಳಿಗೆ ಸಿಕ್ಕಿದ್ದು ಈ ಕೊನೆಯದು. ಒಂದು ನಿಮಿಷ ಒತ್ತಿ ಹಿಡಿದರೂ ಪೆಡಲು ಕುಸಿಯಲಿಲ್ಲ. ಹಳೆಯ ಮಾಸ್ಟರ್ ಸಿಲಿಂಡರ್ ಇದ್ದಾಗಲೂ ಅದು ಹೀಗೇ ಇತ್ತಲ್ಲ ಎಂದು ನೆನಪಾಗಿ, ಕೊಟ್ಟ ದುಡ್ಡಿಗೆ ಹೊಟ್ಟೆ ಉರಿಯಿತು.

ಮಲೆನಾಡಿನಲ್ಲಿ ಎಣ್ಣೆಯ ಮೇಲೂ ಅನುಮಾನ ಸಹಜ. ನಾವು ಬ್ರೇಕ್ ಆಯಿಲ್ ಎನ್ನುವುದು ನಿಜವಾದ ಎಣ್ಣೆಯೇ ಅಲ್ಲ. ಗ್ಲೈಕಾಲ್ ಜಾತಿಯ ದ್ರವ. ಉಪ್ಪಿನ ಭರಣಿಯ ಹಾಗೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ದ್ರವ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ, ಸುಮಾರು 3.7 ಶೇಕಡಾ ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ 14 ತಿರುವುಗಳಲ್ಲಿ ಬ್ರೇಕ್ ಮೇಲೇ ಕಾಲಿಟ್ಟು ಇಳಿದರೆ ಡ್ರಮ್ಮು ಕಾದು ಹಳೆಯ ದ್ರವ ಕುದಿಯಬಹುದು, ಆವಿ ಗುಳ್ಳೆಯಾಗಬಹುದು. ಆದರೆ ಅಂಥ ಪೆಡಲು ಘಾಟಿಯಲ್ಲಿ ಮೆತ್ತಗಾಗಿ, ತಣಿದ ಮೇಲೆ ಮರಳಬೇಕು. ಇದು ಬೆಳಿಗ್ಗೆ ಶೆಡ್ಡಿನಲ್ಲಿ ನಿಂತಲ್ಲೇ ಮೆತ್ತಗಿತ್ತು. ಬಾಟಲಿಯಲ್ಲಿ ದ್ರವದ ಮಟ್ಟವೂ ಕೂದಲೆಳೆಯಷ್ಟು ಇಳಿದಿರಲಿಲ್ಲ. ಸೋರದೆ ಗಾಳಿ ಹೊಗುವುದು ಹೇಗೆ? ಈ ಪ್ರಶ್ನೆಯನ್ನು ಅವರು ಎರಡು ದಿನ ಕವಳದಂತೆ ಜಗಿದರು.

ಮೂರನೆಯ ದಿನ ವಿಚಾರಣೆ ಶುರು. ಹಿಂದಿನ ಆಕ್ಸಲಿಗೆ ಹೋಗುವ ರಬ್ಬರ್ ಹೋಸನ್ನು ದುಂಡುಬಾಯಿಯ ಕ್ಲ್ಯಾಂಪಿನಿಂದ ಮೆಲ್ಲಗೆ ಹಿಸುಕಿ ಪೆಡಲು ಒತ್ತಿದರು: ಗಟ್ಟಿ. ಬಿಟ್ಟು ಒತ್ತಿದರು: ದಿಂಬು. ಮುಂದಿನ ಎರಡು ಚಕ್ರ, ಮಾಸ್ಟರ್ ಸಿಲಿಂಡರ್, ಎಲ್ಲವೂ ಒಂದೇ ಏಟಿಗೆ ಖುಲಾಸೆ. ಇಷ್ಟು ಕೆಲಸಕ್ಕೆ ಹತ್ತು ನಿಮಿಷ ಹಿಡಿಯಿತು, ಒಂದು ರೂಪಾಯಿ ಖರ್ಚಾಗಲಿಲ್ಲ.

ಉಳಿದದ್ದು ಏರ್ ತೆಗೆಯುವ ಕೆಲಸ. ಅದಕ್ಕೆ ಇಬ್ಬರು ಬೇಕು. ಪೆಡಲಿನ ಮೇಲೆ ಭಾವಮೈದ ಕೂತ. ಕೆಳಗಿನಿಂದ ಇವರು “ಒತ್ತು” ಅನ್ನಬೇಕು, ಆತ ಒತ್ತಿ “ಹಿಡಿದೆ” ಅನ್ನಬೇಕು, ಚಕ್ರದ ಬಳಿ ಗಾಳಿ ಬಿಡುವ ನಿಪ್ಪಲ್ ಬಿಗಿಯಾಗುವವರೆಗೆ ಕಾಲೆತ್ತಬಾರದು. ಎತ್ತಿದರೆ ಹೋದ ಗಾಳಿ ಬಂದ ದಾರಿಯಲ್ಲೇ ವಾಪಸ್. ಭಾವಮೈದನ ಬಾಯ್ತುಂಬ ಕವಳ. ಎಲ್ಲದಕ್ಕೂ “ಊಂ”. ಹಿಡಿದೆ ಎಂಬ ಊಂ ಯಾವುದು, ಬಿಡಲೇ ಎಂಬ ಊಂ ಯಾವುದು ಎಂದು ತಿಳಿಯುವಷ್ಟರಲ್ಲಿ ಒಂದು ಬಾಟಲಿ ದ್ರವ ಖಾಲಿಯಾಗಿತ್ತು.

ಗ್ಯಾರೇಜಿನವರು ನಿಪ್ಪಲಿನ ಕೆಳಗೆ ತಗಡಿನ ಡಬ್ಬ ಇಡುತ್ತಿದ್ದರು. ಅದರಲ್ಲಿ ಬಿದ್ದದ್ದು ಕಾಣುವುದಿಲ್ಲ. ಇವರು ಪಾರದರ್ಶಕ ನಳಿಗೆ ಸಿಕ್ಕಿಸಿ, ಅದರ ತುದಿಯನ್ನು ಗಾಜಿನ ಬಾಟಲಿಯ ದ್ರವದಲ್ಲಿ ಮುಳುಗಿಸಿದರು. ಬಲ ಹಿಂದಿನ ಚಕ್ರದಿಂದ ಬರೀ ದ್ರವ. ಎಡ ಹಿಂದಿನದರಿಂದ ಗುಳ್ಳೆಗಳ ಮೆರವಣಿಗೆ! ಮಗಳ ಹಳೆಯ ನೋಟುಪುಸ್ತಕದಲ್ಲಿ ಬರೆದಿಟ್ಟರು. ಹದಿನೆಂಟು ದಿನ ಬಿಟ್ಟು, ದಿನಕ್ಕಷ್ಟು ಸಲ ಅಂಗಳದಲ್ಲೇ ಪೆಡಲು ತುಳಿದು, ಮತ್ತೆ ತೆಗೆದರು. ಮತ್ತೆ ಎಡ ಹಿಂದಿನದೇ.

ಈಗ ಸ್ವಲ್ಪ ಹಿಂದಕ್ಕೆ ಹೋಗಬೇಕು, ಏಕೆಂದರೆ ಸಿಲಿಂಡರಿನಲ್ಲಿ ದ್ರವವನ್ನು ತಡೆದಿಡುವ ಈ ಜಗಳ, ದ್ರವದಿಂದ ನಡೆಯುವ ಹೈಡ್ರಾಲಿಕ್ ಬ್ರೇಕಿನಷ್ಟೇ ಹಳೆಯದು. ವಿಮಾನ ಕಟ್ಟುತ್ತಿದ್ದ ಅಮೆರಿಕದ ಸೋದರರಲ್ಲಿ ಒಬ್ಬನಾದ ಮಾಲ್ಕಮ್ ಲಾಕ್‌ಹೀಡ್ ಈ ಬ್ರೇಕಿಗೆ 1917ರಲ್ಲಿ ಪೇಟೆಂಟ್ ಪಡೆದ. 1921ರ ಡ್ಯೂಸೆನ್‌ಬರ್ಗ್ ಕಾರಿನ ನಾಲ್ಕೂ ಚಕ್ರಕ್ಕೆ ಅದು ಬಂತು. ಅವನ ಸಿಲಿಂಡರಿನಲ್ಲಿ ದ್ರವವನ್ನು ತಡೆಯುತ್ತಿದ್ದದ್ದು ಹಸಿ ತೊಗಲಿನ ಬಟ್ಟಲು, ಅದು ಸೋರುತ್ತಿತ್ತು. ಕ್ರೈಸ್ಲರ್‌ನ ಎಂಜಿನಿಯರುಗಳು ಅಲ್ಲಿಗೆ ರಬ್ಬರ್ ತಂದು 1924ರ ತಮ್ಮ ಕಾರಿಗೆ ಹಾಕಿದರು. ನಾಣ್ಯದಷ್ಟು ಚಿಕ್ಕ ಆ ರಬ್ಬರ್ ಕಪ್ಪಿನ ಮೇಲೆ ಇವತ್ತಿಗೂ ಲೋಡು ಲಾರಿಯ ಭಾರ ನಿಂತಿದೆ.

ಎಡ ಹಿಂದಿನ ಚಕ್ರದ ಡ್ರಮ್ ಬಿಚ್ಚಿ, ಲೈನರನ್ನು ಡ್ರಮ್ಮಿಗೆ ಒತ್ತುವ ವೀಲ್ ಸಿಲಿಂಡರಿನ ಧೂಳುಗವಸು ಸರಿಸಿದರೆ ಒಣಕಲು. ಬೆರಳಿಗೆ ಹತ್ತಿದ್ದು ಒಂದಿಷ್ಟು ತೇವ, ಅಷ್ಟೇ. ರಬ್ಬರ್ ಕಪ್ಪು ಹೊಸದಾಗಿಯೇ ಇತ್ತು. ಆದರೆ ಸಿಲಿಂಡರಿನ ಒಳಗೋಡೆಯಲ್ಲಿ ತುಕ್ಕು ತಿಂದ ಸಣ್ಣ ಗುಳಿಗಳು. ಅವರು ಪೇಟೆಯಿಂದ ಹೊಸ ಸಿಲಿಂಡರ್ ತಂದರು. ನೇರವಾಗಿ ಜೋಡಿಸಬಹುದಿತ್ತು. ಜೋಡಿಸಲಿಲ್ಲ, ಕೈ ತೊಳೆದು ಬಂದು, ಅದನ್ನೂ ಬಿಚ್ಚಿದರು. ಹೊಸದನ್ನು ಯಾಕೆ ಬಿಚ್ಚುತ್ತೀರಿ ಎಂದು ಭಾವಮೈದ ಕವಳ ಉಗುಳಿಯೇ ಕೇಳಿದ.

ಹೊಸದರ ಒಳಗಿನ ಸ್ಪ್ರಿಂಗಿನ ಎರಡು ತುದಿಗೂ ತೆಳು ತಗಡಿನ ಪುಟ್ಟ ಬಟ್ಟಲು. ಹಳೆಯದರಲ್ಲಿ ಬರೀ ಸ್ಪ್ರಿಂಗು. ಹಿಂದೆಂದೋ ರಬ್ಬರ್ ಬದಲಿಸಿದ ಕೈ ಆ ತಗಡುಗಳನ್ನು ಕಸಕ್ಕೆ ಹಾಕಿತ್ತು. ಅವುಗಳ ಕೆಲಸ ರಬ್ಬರಿನ ತುಟಿಯನ್ನು ಸದಾ ಗೋಡೆಗೆ ಒತ್ತಿಟ್ಟುಕೊಳ್ಳುವುದು. ಬ್ರೇಕ್ ಒತ್ತಿದಾಗ ದ್ರವದ ಒತ್ತಡವೇ ತುಟಿಯನ್ನು ಬಿಗಿಯುತ್ತದೆ, ಹನಿ ಸೋರುವುದಿಲ್ಲ. ಪೆಡಲನ್ನು ಥಟ್ಟನೆ ಬಿಟ್ಟಾಗ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಹಿಂದಕ್ಕೆ ಜಿಗಿಯುತ್ತದೆ, ದ್ರವ ಅಷ್ಟು ಬೇಗ ಹಿಂಬಾಲಿಸಲಾರದೆ ಪೈಪಿನೊಳಗೆ ಕ್ಷಣಕಾಲ ಸೆಳೆತ ಹುಟ್ಟುತ್ತದೆ. ಆಗ ಸಡಿಲ ತುಟಿ, ಗುಳಿಬಿದ್ದ ಗೋಡೆ, ಎರಡೂ ಸೇರಿ ಒಂದು ಗುಟುಕು ಗಾಳಿ ಒಳಕ್ಕೆ. ಬಲಗಡೆಯದನ್ನೂ ಬಿಚ್ಚಿ ನೋಡಿದರು. ಅಲ್ಲಿಯೂ ತಗಡು ಮಾಯ, ಆದರೆ ಗೋಡೆ ಇನ್ನೂ ನುಣುಪಾಗಿದ್ದರಿಂದ ಮಾನ ಉಳಿದಿತ್ತು. ಮತ್ತೊಮ್ಮೆ ಪೇಟೆಗೆ ಹೋಗಿ ಅದಕ್ಕೂ ಹೊಸದು ತಂದರು.

ಜೋಡಿಸಿ, ಬ್ರೇಕ್ ಹದ ಮಾಡಿ, ಮೊದಲು ಎಡ ಹಿಂದಿನ ಚಕ್ರ. ನಳಿಗೆಯಲ್ಲಿ ಗುಳ್ಳೆಗಳ ಸರ ಬಂತು, ಕಡಿಮೆಯಾಯಿತು, ನಿಂತಿತು. ಮೂರು ವಾರ ಕಳೆದು ಮತ್ತೆ ನಿಪ್ಪಲ್ ಸಡಿಲಿಸಿದಾಗ ಜೇನಿನ ಬಣ್ಣದ ದ್ರವ ಬಿಟ್ಟರೆ ಏನೂ ಇಳಿಯಲಿಲ್ಲ. ನೋಟುಪುಸ್ತಕದಲ್ಲಿ ದಿನಾಂಕ ಹಾಕಿ, ಎದುರಿಗೆ ಸೊನ್ನೆ ಬರೆದರು. ಮೇಲಿನಿಂದ “ಊಂ?” ಎಂದು ಕೇಳಿಸಿತು. “ಬಿಡು ಮಾರಾಯ” ಎಂದರು.