ಮೀನಿನ ಮೈಯೊಳಗಿನ ಸಾಕ್ಷಿ

ಲೋಹಗಳಲ್ಲಿ ಪಾದರಸದಷ್ಟು ನಮ್ಮ ಕುತೂಹಲವನ್ನು ಕೆರಳಿಸಿದುದು ಬೇರೊಂದಿಲ್ಲ. ಲೋಹವಾದರೂ ಹರಿಯುವುದು, ಹರಿದರೂ ಕೈಯನ್ನು ತೋಯಿಸದು. ನಮ್ಮ ಹಿರಿಯರು ಇದನ್ನು ಕಟ್ಟಿ ಲಿಂಗವಾಗಿಸಿದರು, ಸುಟ್ಟು ಔಷಧವಾಗಿಸಿದರು, ಇದರಿಂದ ಚಿನ್ನವನ್ನೂ ಚಿರಾಯುಸ್ಸನ್ನೂ ಪಡೆಯಬಹುದೆಂದು ನಂಬಿ ಒಂದು ಶಾಸ್ತ್ರವನ್ನೇ ರಚಿಸಿದರು. ಒಂದೆಡೆ ನಿಲ್ಲದ ಹುಡುಗನನ್ನು ಇಂದಿಗೂ ಪಾದರಸವೆಂದೇ ಕರೆಯುವೆವು. ಈ ನಿಲ್ಲದ ವಸ್ತುವು ಕಡಲಿನಲ್ಲಿ ಹಿಡಿದ ದಾರಿಯನ್ನು ಪತ್ತೆಹಚ್ಚುವ ಬಗೆಯೊಂದು ಈಗ ವಿಜ್ಞಾನಿಗಳ ಕೈಗೆ ಸಿಕ್ಕಿರುವುದು. ಅದರ ವಿಷಯವಾಗಿ ನಾನು ಓದತೊಡಗಿದುದು ವಿದ್ಯಾವ್ಯಸನದಿಂದಲ್ಲ. ಅಡಿಗೆಮನೆಯಲ್ಲಿ ಹುಟ್ಟಿದ ಒಂದು ವ್ಯಾಜ್ಯದ ದೆಸೆಯಿಂದ.

ನಮ್ಮದು ಕರಾವಳಿಯ ಮನೆ. ಮೀನಿಲ್ಲದ ಊಟವು ಉಪವಾಸಕ್ಕೆ ಸಮ. ಮಗಳು ಚೊಚ್ಚಲ ಬಸುರಿಯಾಗಿ ತವರಿಗೆ ಬಂದವಳು, ದೊಡ್ಡ ಮೀನುಗಳಲ್ಲಿ ಪಾದರಸವಿರುವುದೆಂದೂ ಅದು ಗರ್ಭದ ಶಿಶುವಿನ ಮಿದುಳಿಗೆ ಕೇಡೆಂದೂ ವೈದ್ಯರು ಎಚ್ಚರಿಸಿದುದನ್ನು ತಿಳಿಸಿದಳು. ನನ್ನ ತಾಯಿ ಒಪ್ಪಲಿಲ್ಲ. “ಐದು ಹೆತ್ತವಳು ನಾನು; ಬಂಗುಡೆ ತಿಂದೇ ಹೆತ್ತೆ. ನಿನ್ನ ಅಪ್ಪನಿಗೆ ಏನಾಗಿದೆ, ನೋಡು” ಎಂದರು. ಮಗಳು ನನ್ನನ್ನು ನೋಡಿ ಸುಮ್ಮನಾದಳು. ಆ ಮೌನದ ಅರ್ಥವನ್ನು ನಾನು ವಿಚಾರಿಸಲಿಲ್ಲ. ಆಮೇಲೆ ಅವಳು, “ಅಪ್ಪಾ, ಅಷ್ಟು ದೊಡ್ಡ ಸಮುದ್ರಕ್ಕೆ ಪಾದರಸವನ್ನು ಹಾಕಿದವರಾದರೂ ಯಾರು?” ಎಂದು ಕೇಳಿದಳು.

ಅಮ್ಮನ ಬಂಗುಡೆಯ ಪಕ್ಷವು ಬಹುಮಟ್ಟಿಗೆ ಗೆಲ್ಲತಕ್ಕದ್ದೇ. ಕಡಲ ನೀರಿನಲ್ಲಿ ಪಾದರಸವು ಅತ್ಯಲ್ಪ. ಅದನ್ನು ಕೆಲವು ಬ್ಯಾಕ್ಟೀರಿಯಗಳು ಮೀಥೈಲ್ ಪಾದರಸವೆಂಬ ವಿಷವಾಗಿ ಮಾರ್ಪಡಿಸುವುವು. ಆ ವಿಷವು ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳಿಂದ ಕಿರುಮೀನಿಗೆ, ಅದರಿಂದ ದೊಡ್ಡ ಮೀನಿಗೆ ಸೇರುತ್ತ ಮೆಟ್ಟಿಲುಮೆಟ್ಟಿಲಿಗೆ ಹೆಚ್ಚುವುದು; ಕಡೆಗೆ ಶಾರ್ಕಿನಂತಹ ಬೇಟೆಮೀನಿನ ಮಾಂಸದಲ್ಲಿ ಅದರ ಪ್ರಮಾಣವು ನೀರಿನಲ್ಲಿರುವುದರ ಲಕ್ಷಾಂತರ ಪಾಲಾಗುವುದು. ಬಂಗುಡೆ, ಬೂತಾಯಿಗಳೋ ಅಲ್ಪಾಯುಗಳು, ಕೆಳಗಣ ಮೆಟ್ಟಿಲಿನವು. ಅವುಗಳಲ್ಲಿ ವಿಷವು ಕೂಡಿಬೀಳಲು ಕಾಲವೇ ಸಾಲದು. ವ್ಯಾಜ್ಯವು ಹೀಗೆ ತೀರಿತು. ಮಗಳ ಪ್ರಶ್ನೆ ಮಾತ್ರ ತೀರಲಿಲ್ಲ.

ಈ ಪ್ರಶ್ನೆಗೆ ಉತ್ತರವು ಸುಲಭವಾಗಿದ್ದ ಊರೊಂದುಂಟು. ಸುಲಭವೆಂದರೆ ತಿಳಿಯುವುದಕ್ಕೆ, ಒಪ್ಪಿಸುವುದಕ್ಕಲ್ಲ. ಜಪಾನಿನ ಮಿನಮಾಟ ಕೊಲ್ಲಿಯ ದಡದ ರಾಸಾಯನಿಕ ಕಾರ್ಖಾನೆಯೊಂದು 1932ರಿಂದ ಮೀಥೈಲ್ ಪಾದರಸ ಬೆರೆತ ಹೊಲಸನ್ನು ಕಡಲಿಗೆ ಬಿಡುತ್ತಿದ್ದಿತು. ಮೀನು ತಿಂದ ಬೆಕ್ಕುಗಳು ಹುಚ್ಚೆದ್ದು ಕುಣಿದು ಸತ್ತುವು. 1956ರಲ್ಲಿ ಮನುಷ್ಯರ ರೋಗವು ಅಧಿಕೃತವಾಗಿ ಗುರುತಿಗೆ ಬಂದಿತು. ತಾಯಂದಿರು ನೆಟ್ಟಗೆ ನಡೆದಾಡುತ್ತಿರಲು ಅವರ ಮಕ್ಕಳು ಅಂಗವಿಕಲರಾಗಿ ಹುಟ್ಟಿದರು. ಕಾರಣವನ್ನು ಸರಕಾರವು ಒಪ್ಪಿಕೊಂಡುದು 1968ರಲ್ಲಿ. ಆದರೂ ಅಲ್ಲಿದ್ದುದು ಒಂದು ಕೊಲ್ಲಿ, ಒಂದು ಕಾಲುವೆ, ಒಂದು ಕಾರ್ಖಾನೆ. ದಡದಿಂದ ಸಾವಿರಾರು ಮೈಲಿ ದೂರದ ನಡುಗಡಲಿನ ಮೀನಿನಲ್ಲಿಯೂ ಪಾದರಸವಿರುವುದಷ್ಟೆ. ಅಲ್ಲಿ ಯಾವ ಕಾಲುವೆಯನ್ನು ತೋರಿಸೋಣ?

ಅಲ್ಲಿ ಸಾಕ್ಷಿ ನುಡಿಯುವುದು ಪಾದರಸದ ಪರಮಾಣುವೇ. ಒಂದೇ ಮೂಲವಸ್ತುವಿನ ಪರಮಾಣುಗಳಲ್ಲಿಯೂ ತೂಕದ ಭೇದವಿರುವುದುಂಟು, ಇವನ್ನು ಸಮಸ್ಥಾನಿಗಳೆನ್ನುವರು. ಪಾದರಸದಲ್ಲಿ ತಾವಾಗಿ ಒಡೆಯದೆ ಸ್ಥಿರವಾಗಿ ನಿಲ್ಲುವ ಸಮಸ್ಥಾನಿಗಳು ಏಳು: 196, 198, 199, 200, 201, 202, 204. ಒಂದೇ ಹೆಸರಿನ ಏಳು ಮಂದಿ ಅಣ್ಣತಮ್ಮಂದಿರೆನ್ನಿ. ರಾಸಾಯನಿಕ ಕ್ರಿಯೆಗಳಲ್ಲಿ ಸಾಮಾನ್ಯವಾಗಿ ಹಗುರಾದವನು ತುಸು ಮುಂದು, ಭಾರವಾದವನು ತುಸು ಹಿಂದು, ಇದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯವಿರುವುದು ಬಿಸಿಲಿನಲ್ಲಿ. ನೀರಿನ ಮೇಲ್ಪದರದಲ್ಲಿ ಬಿಸಿಲು ಮೀಥೈಲ್ ಪಾದರಸವನ್ನು ಒಡೆಯುವಾಗ, ತೂಕದ ನಿಯಮವನ್ನು ಮೀರಿ, 199, 201 ಎಂಬ ಬೆಸಸಂಖ್ಯೆಯವರು ಹೆಚ್ಚಾಗಿ ಉಳಿದುಕೊಳ್ಳುವರು. ಅವರ ಪರಮಾಣುಗರ್ಭಕ್ಕೆ ಕಾಂತಗುಣವಿರುವುದೇ ಇದಕ್ಕೆ ಕಾರಣವೆನ್ನುವರು. ಬರ್ಗ್‌ಕ್ವಿಸ್ಟ್ ಮತ್ತು ಬ್ಲಮ್ ಎಂಬ ವಿದ್ವಾಂಸರು ಇದನ್ನು 2007ರಲ್ಲಿ ಪ್ರಕಟಿಸಿದರು. ಮೀನನ್ನು ಮೀನು ನುಂಗಿದರೂ ಈ ಗುರುತು ಅಳಿಯದು. ಅಂದಮೇಲೆ ಮೀನಿನ ಒಂದು ತುಣುಕನ್ನು ಪರೀಕ್ಷಿಸಿ, ಅದರೊಳಗಿನ ವಿಷವು ಎಷ್ಟು ಬಿಸಿಲನ್ನು ಕಂಡಿತ್ತೆಂಬುದನ್ನು ಹೇಳಬಹುದು! ವ್ಯತ್ಯಾಸವು ಸಾವಿರದಲ್ಲಿ ಕೆಲವು ಪಾಲು ಮಾತ್ರ; ನಮ್ಮೂರ ಅಕ್ಕಸಾಲಿಗನ ತಕ್ಕಡಿಗೆ ಇದು ಎಟುಕುವ ಲೆಕ್ಕವಲ್ಲ.

ಈ ವಿದ್ಯೆಯನ್ನು ಬ್ಲಮ್ ಮತ್ತು ಅವರ ಸಂಗಡಿಗರು ಹವಾಯಿ ದ್ವೀಪಗಳ ಸಮೀಪದ ಶಾಂತಸಾಗರದಲ್ಲಿ ಒರೆಗೆ ಹಚ್ಚಿ, ಫಲವನ್ನು 2013ರಲ್ಲಿ ಪ್ರಕಟಿಸಿದರು. ಮೇಲ್ಮೈಯಲ್ಲಿ ಮೇಯುವ ಹಾರುಮೀನು ಮೊದಲುಗೊಂಡು ಆಳದಲ್ಲಿ ಬೇಟೆಯಾಡುವ ದೊಡ್ಡ ಮೀನುಗಳವರೆಗೆ ಒಂಬತ್ತು ಜಾತಿಗಳನ್ನು ಅವರು ಪರೀಕ್ಷಿಸಿದರು. ಮೀನು ಮೇಯುವ ಆಳವು ಹೆಚ್ಚಿದಂತೆ ಬಿಸಿಲಿನ ಗುರುತು ಕಡಮೆಯಾಗುತ್ತ ಹೋಯಿತು. ವಿಷವೆಲ್ಲವೂ ಮೇಲಿನಿಂದ ಇಳಿದು ಬಂದುದಾಗಿದ್ದರೆ ಹೀಗಾಗತಕ್ಕದ್ದಲ್ಲ. ಆಳದ ಮೀಥೈಲ್ ಪಾದರಸದಲ್ಲಿ ಮೇಲಿನಿಂದ ಬಂದುದು ನೂರಕ್ಕೆ 20ರಿಂದ 40 ಪಾಲು ಮಾತ್ರವೆಂದೂ, ಮಿಕ್ಕುದು 50 ಮೀಟರಿನಿಂದ 400 ಮೀಟರಿಗೂ ಮಿಕ್ಕ ಆಳದವರೆಗೆ, ಮುಳುಗುತ್ತಿರುವ ಕಸದ ಕಣಗಳನ್ನು ಆಶ್ರಯಿಸಿದ ಬ್ಯಾಕ್ಟೀರಿಯಗಳಿಂದ ಅಲ್ಲಿಯೇ ಹುಟ್ಟುವುದೆಂದೂ ಅವರು ಗಣಿಸಿದರು. ವಿಷವು ದಡದ ಕೆಸರಿನಲ್ಲಿ ಮಾತ್ರವಲ್ಲದೆ ನಡುಗಡಲಿನ ಕತ್ತಲೆಯಲ್ಲಿಯೂ ತಯಾರಾಗುವುದು!

ಹಾಗಾದರೆ ಬ್ಯಾಕ್ಟೀರಿಯಗಳೇ ಅಪರಾಧಿಗಳೇನು? ಅವು ತಮಗೆ ಸಿಕ್ಕಿದುದನ್ನು ಮಾರ್ಪಡಿಸುವುವು, ಅಷ್ಟೆ. ಸಿಗುವಂತೆ ಮಾಡುವವರು ನಾವು. ನಡುಗಡಲಿಗೆ ಪಾದರಸವು ಬಹುಮಟ್ಟಿಗೆ ಗಾಳಿಯಿಂದ ಬರುವುದು. ಜ್ವಾಲಾಮುಖಿಗಳ ಪಾಲೂ ಇದರಲ್ಲಿ ಉಂಟು. ಆದರೆ ಮನುಷ್ಯರ ಪಾಲಿನಲ್ಲಿ ಮುಖ್ಯವಾದುವು ಪಾದರಸದಿಂದ ಚಿನ್ನವನ್ನು ತೆಗೆಯುವ ಸಣ್ಣ ಗಣಿಗಳು ಮತ್ತು ಕಲ್ಲಿದ್ದಲಿನ ಹೊಗೆ. ಮೀನನ್ನು ಮುಟ್ಟದ ವಾಚಕರು ಇಷ್ಟು ಹೊತ್ತು ಇದು ತಮ್ಮ ಮನೆಯ ಮಾತಲ್ಲವೆಂದು ನೆಮ್ಮದಿಯಿಂದಿದ್ದಿರಬಹುದು. ಅವರ ಮನೆಯ ವಿದ್ಯುದ್ದೀಪವು ಬಹುಶಃ ಕಲ್ಲಿದ್ದಲಿನಿಂದಲೇ ಉರಿಯುತ್ತಿರುವುದು. ಮೂಗುತಿಯ ಚಿನ್ನವು ಯಾವ ಗಣಿಯದೆಂದು ಕೇಳಿಕೊಂಡವರು ಎಷ್ಟು ಮಂದಿ? ಆವಿಯಾದ ಪಾದರಸವು ತಿಂಗಳುಗಟ್ಟಲೆ ಗಾಳಿಯಲ್ಲಿದ್ದು ದೇಶದೇಶಗಳನ್ನು ದಾಟುವುದು. ಏಷ್ಯದ ಹೊಗೆಯು ಪಡುವಣ ಗಾಳಿಯೊಡನೆ ಶಾಂತಸಾಗರದ ಮೇಲೆ ಸಾಗುವುದು.

ಮಗಳಿಗೆ ಇದನ್ನೆಲ್ಲ ವಿವರಿಸಿದೆನು. “ಹಾಗಾದರೆ ಇಂಥವರೆಂದು ಹೆಸರು ಹೇಳಲು ಬರುವುದಿಲ್ಲವೇ?” ಎಂದಳು. ಗಣಿ, ಕಾರ್ಖಾನೆಗಳ ಹತ್ತಿರದ ನದಿ ಕೊಲ್ಲಿಗಳಲ್ಲಿ ಈ ಸಾಕ್ಷಿಯು ಮೂಲವನ್ನು ಬೊಟ್ಟುಮಾಡಿ ತೋರಿಸುವುದುಂಟು. ನಡುಗಡಲಿನಲ್ಲಿಯಾದರೋ ಅದು ವಿಷವು ಬಂದ ದಾರಿಯನ್ನು ಹೇಳುವುದೇ ಹೊರತು ಚಿಮಣಿಯ ಹೆಸರನ್ನಲ್ಲ. ಮಿನಮಾಟದ ಕಾಲುವೆಯನ್ನು ಮುಚ್ಚಿದಂತೆ ಇದನ್ನು ಮುಚ್ಚಲಾಗದು. ಎಲ್ಲ ದೇಶಗಳೂ ಕೂಡಿ ಕೈಹಾಕಬೇಕು. ಆ ಊರಿನ ಹೆಸರಿನಲ್ಲಿಯೇ 2013ರಲ್ಲಿ ಒಡಂಬಡಿಕೆಯೊಂದು ಏರ್ಪಟ್ಟು 2017ರಲ್ಲಿ ಜಾರಿಗೆ ಬಂದಿತು. ಭಾರತವು 2018ರಲ್ಲಿ ಅದನ್ನು ಅಂಗೀಕರಿಸಿತು. ಆದರೆ ಒಮ್ಮೆ ಹೊರಬಿದ್ದ ಪಾದರಸವು ಸುಲಭವಾಗಿ ಮಣ್ಣುಪಾಲಾಗದೆ, ಗಾಳಿಗೂ ನೀರಿಗೂ ಬಹುಕಾಲ ಓಡಾಡುತ್ತಿರುವುದು.

ಅದು ಎಷ್ಟು ದೂರ ಹೋಗುವುದೆಂಬುದಕ್ಕೆ ಇನ್ನೊಂದು ಸಂಗತಿಯುಂಟು. ಮರಿಯಾನಾ ಮತ್ತು ಕೆರ್ಮಡೆಕ್ ಎಂಬ ಕಡಲಕಮರಿಗಳ ತಳದಿಂದ ತಂದ ಬಸವನಮೀನುಗಳನ್ನೂ ಸಿಗಡಿಯಂತಹ ಕಿರುಪ್ರಾಣಿಗಳನ್ನೂ ಬ್ಲಮ್ ಮತ್ತು ಸಂಗಡಿಗರು ಪರೀಕ್ಷಿಸಿ 2020ರಲ್ಲಿ ವರದಿಮಾಡಿದರು. ಮೈಲಿಗಟ್ಟಲೆ ಆಳದ ಆ ತಾಣಕ್ಕೆ ಸೂರ್ಯನ ಕಿರಣವೊಂದೂ ಇಳಿಯದು. ಆದರೂ ಆ ಪ್ರಾಣಿಗಳ ಪಾದರಸದಲ್ಲಿ ಬಿಸಿಲಿನ ಗುರುತಿದ್ದಿತು. ಅದು ಸುಮಾರು 500 ಮೀಟರ್ ಆಳದಲ್ಲಿ ಮೇಯುವ ಮೀನುಗಳ ಗುರುತಿಗೆ ಸರಿಹೋಗುತ್ತಿದ್ದಿತು. ಮೇಲೆ ಸತ್ತ ಮೀನುಗಳ ಹೆಣಗಳು ಕೆಳಕ್ಕಿಳಿದು ಅವುಗಳಿಗೆ ಆಹಾರವಾಗಿದ್ದುವು.