ಹೊಳೆ ತಂದದ್ದು

ಕನ್ನಂಬಾಡಿ ಕಟ್ಟೆ ತುಂಬಿ ನೀರು ಬಿಟ್ಟರೆಂದರೆ ಶ್ರೀರಂಗಪಟ್ಟಣದವರಾದ ನಮಗೆ ಮನೆಯಲ್ಲಿ ಕಾಲು ನಿಲ್ಲುವುದಿಲ್ಲ. ಪೂರ್ಣಯ್ಯನವರು 1804ರಲ್ಲಿ ಕಟ್ಟಿಸಿದ ವೆಲ್ಲೆಸ್ಲಿ ಸೇತುವೆಯ ಹತ್ತಿರ ನಿಂತು ಕೆಂಪು ನೀರು ನೋಡಬೇಕು. ತೆಂಗಿನಕಾಯಿ, ಬಾಳೆಗೊನೆ, ಮರದ ದಿಮ್ಮಿ, ಯಾರದೋ ಪಂಪ್‌ಸೆಟ್ಟಿನ ಪೈಪು ತೇಲಿ ಬರುತ್ತವೆ. ಒಂದು ವರ್ಷ ಹರಿಗೋಲೇ ಬಂತು. ಹುಡುಗನೊಬ್ಬ ಎದೆಮಟ್ಟ ನೀರಿಗಿಳಿದು ಹಗ್ಗ ಹಾಕಿ ಎಳೆದ. "ಹೊಳೆ ಕೊಡ್ತು ಕಣಜ್ಜ" ಅಂದ. ಪಕ್ಕದಲ್ಲಿದ್ದ ಮುದುಕರು, "ಎಲ್ಲಿ ಕೊಡ್ತು ಕಣ್ಲಾ, ತಂದದೆ ಅಷ್ಟೆಯ" ಅಂದರು.

ಕೊಡುವುದು, ತರುವುದು. ಈ ಎರಡು ಮಾತಿನ ನಡುವಿನ ವ್ಯತ್ಯಾಸವನ್ನೇ 1872ರ ಕರಾರು ಕಾಯಿದೆಯ 71ನೇ ಕಲಮು ಹೇಳುವುದು. ಸಿಕ್ಕಿದ ವಸ್ತುವನ್ನು ಎತ್ತಿಟ್ಟುಕೊಂಡವನು ಒಡೆಯನಲ್ಲ, ಕಾಯುವವನು. ತನ್ನದನ್ನು ನೋಡಿಕೊಂಡಷ್ಟೇ ಜತನದಿಂದ ನೋಡಿಕೊಳ್ಳಬೇಕು. ಯಾರದೆಂದು ಗೊತ್ತಿದ್ದೂ, ಇಲ್ಲವೇ ವಿಚಾರಿಸಿದರೆ ತಿಳಿಯುವಂತಿದ್ದೂ ಸುಮ್ಮನೆ ಬಳಸಿಕೊಂಡರೆ ಅಪರಾಧ. ಅಲ್ಲಿಯವರೆಗೆ ಮುದುಕರ ಮಾತು ಸರಿ.

ಆದರೆ ಹುಡುಗ ಪ್ರಾಣ ಒತ್ತೆಯಿಟ್ಟು ಇಳಿದನಲ್ಲ, ಅದಕ್ಕೇನು? ನಮ್ಮೂರಿನ ಕೋಟೆ ಎರಡು ಮುತ್ತಿಗೆಗಳ ನಡುವೆ ಉಸಿರು ಬಿಡುತ್ತಿದ್ದ 1793ರಲ್ಲಿ ಇದೇ ಪ್ರಶ್ನೆ ಇಂಗ್ಲೆಂಡಿನ ಕೋರ್ಟಿಗೆ ಬಂದಿತ್ತು. ಥೇಮ್ಸ್ ನದಿಯಲ್ಲಿ ಕಟ್ಟಿದ್ದ ಮರಮಟ್ಟು ಬಿಚ್ಚಿಕೊಂಡು ತೇಲಿಹೋಗಿ ಪಟ್ನಿ ಎಂಬಲ್ಲಿ ದಡಕ್ಕೆ ಬಿತ್ತು. ಒಬ್ಬ ಅದನ್ನು ಸುರಕ್ಷಿತ ಜಾಗಕ್ಕೆ ಸಾಗಿಸಿ, ಖರ್ಚು ಕೊಟ್ಟರೆ ಮಾತ್ರ ಬಿಡುತ್ತೇನೆಂದ. ಹಾಗೆ ತಡೆದಿಡುವ ಹಕ್ಕು ನಿನಗಿಲ್ಲ ಎಂದರು ನ್ಯಾಯಾಧೀಶರು. ಸಮುದ್ರದಲ್ಲಿ ಸರಕು ಉಳಿಸಿದವನಿಗೆ ಇನಾಮು ಉಂಟು, ನದಿಯಲ್ಲಿ ಉಳಿಸಿದವನಿಗಿಲ್ಲ! ನನಗೆ ಈ ತೀರ್ಪು ಎಂದೂ ಒಪ್ಪಿಗೆಯಾಗಿಲ್ಲ. ಮುಳುಗುವವನಿಗೆ ಕಾವೇರಿಯೂ ಕಡಲೇ.

ನಮ್ಮ ಕರಾರು ಕಾಯಿದೆ ಅಷ್ಟು ಕಠಿಣವಲ್ಲ. 168ನೇ ಕಲಮಿನ ಪ್ರಕಾರ ಪಟ್ಟ ಶ್ರಮಕ್ಕೆ ದಾವೆ ಹೂಡುವಂತಿಲ್ಲ, ಆದರೆ ಖರ್ಚು ಸಲ್ಲುವವರೆಗೆ ವಸ್ತುವನ್ನು ಇಟ್ಟುಕೊಳ್ಳಬಹುದು. ಒಡೆಯ ಇಷ್ಟು ಇನಾಮು ಕೊಡುತ್ತೇನೆಂದು ಸಾರಿದ್ದರೆ ಅದಕ್ಕೆ ದಾವೆಯೂ ಹೂಡಬಹುದು. ಒಡೆಯ ಸಿಗಲಿಲ್ಲ, ಬಾಳೆಗೊನೆ ಕೊಳೆಯುತ್ತಿದೆ ಎನ್ನಿ, ಮಾರಬಹುದು. ನ್ಯಾಯವಾದ ಖರ್ಚೇ ಬೆಲೆಯ ಮೂರರಲ್ಲಿ ಎರಡು ಪಾಲು ಮುಟ್ಟಿದರೂ ಮಾರಬಹುದು. ದಿಮ್ಮಿಯ ಕಥೆ ಬೇರೆ. ಕೆ.ಆರ್. ಪೇಟೆ ಕಡೆಯಿಂದ ಹೇಮಾವತಿ ಹೊತ್ತು ತಂದ ಮರವನ್ನು ಅರಣ್ಯ ಕಾಯಿದೆ ನೋಡಿಕೊಳ್ಳುತ್ತದೆ. ಒಡೆಯ ಹಕ್ಕು ತೋರಿಸುವವರೆಗೆ ಅದು ಸರ್ಕಾರದ್ದು.

ಹಕ್ಕು ತೋರಿಸುವುದೆಂದರೆ ನೆನಪಾಗುವುದು ನಾಗಮಂಗಲ. ಕಂಚು ಹಿತ್ತಾಳೆಗೆ ಹೆಸರಾದ ಊರು. ನಮ್ಮ ಅಜ್ಜಿ ಕೊಳಗಕ್ಕೂ ಚೊಂಬಿಗೂ ಹೆಸರು ಹಾಕಿಸದೆ ಒಳಗೆ ತರುತ್ತಿರಲಿಲ್ಲ. ಮದುವೆಮನೆಗೆ ಹೋದ ಪಾತ್ರೆ ತಿರುಗಿ ಬರುತ್ತಿದ್ದುದು ಆ ನಾಲ್ಕಕ್ಷರದ ಬಲದಿಂದ. ಪಾಂಡವಪುರದ ಕಡೆ ವಿ.ಸಿ. ನಾಲೆಗೆ ಬಿದ್ದು, ಮೇಲೆತ್ತಿದ ಬೈಕು ಕಾರುಗಳಿಗೆ ನಂಬರ್ ಪ್ಲೇಟೇ ಇದೆ. ಆದರೂ ಕೇಸು ಎಂದಮೇಲೆ ವಾಹನ ಠಾಣೆಯ ಅಂಗಳ ಸೇರುತ್ತದೆ. ಹಾಗೆ ತುಕ್ಕು ಹಿಡಿಸಬೇಡಿ, ಪಂಚನಾಮೆ ಮಾಡಿ, ಫೋಟೊ ತೆಗೆದು, ಬಾಂಡ್ ಬರೆಸಿಕೊಂಡು ಬೇಗ ಕೊಟ್ಟುಬಿಡಿ ಎಂದು ಸುಪ್ರೀಂ ಕೋರ್ಟು 2002ರಲ್ಲೇ ಹೇಳಿದೆ. ಮಗನನ್ನು ನಾಲೆಗೆ ಕೊಟ್ಟ ಮನೆಯವರು ಅವನ ಬೈಕಿಗಾಗಿ ಅಲೆಯುವಂತಾಗಬಾರದು.

ಹೆಸರಿದ್ದೂ ತಿರುಗಿ ಬಾರದ್ದು ನಮ್ಮೂರಿನದೇ ಇದೆ. 1799ರ ಮೇ 4ರಂದು ಕೋಟೆ ಬಿದ್ದಮೇಲೆ ಟಿಪ್ಪುವಿನ ಸಿಂಹಾಸನವನ್ನು ಒಡೆದು ಗೆದ್ದವರು ಪಾಲು ಹಾಕಿಕೊಂಡರು. ಅವನ ಮರದ ಹುಲಿ ಇಂದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಟಿಪ್ಪುವಿನ ದರಿಯಾ ದೌಲತ್ ಅರಮನೆಯ ಮುಂದೆ ಹಾದುಹೋಗುವಾಗಲೆಲ್ಲ ಆ ಹುಲಿ ನೆನಪಾಗಿ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಹರಿಗೋಲಿನ ಒಡೆಯ ಮೂರನೆಯ ದಿನ ಹುಡುಕಿಕೊಂಡು ಬಂದ. ಮೇಲಿನ ಊರಿನವನು. ತಳದಲ್ಲಿ ತಾನೇ ಹಾಕಿದ ತೇಪೆ ತೋರಿಸಿದ. ಹುಡುಗ ಹಗ್ಗದ ದುಡ್ಡು ಕೇಳಿದ. ಅವನು ಹಗ್ಗದ ದುಡ್ಡಿನ ಮೇಲೆ ಇನ್ನಷ್ಟು ಕೊಟ್ಟ. ಆಮೇಲೆ ಇಬ್ಬರೂ ಸೇರಿ ಹರಿಗೋಲನ್ನು ತಲೆಯ ಮೇಲೆ ಹೊತ್ತುಕೊಂಡು ದಡ ಹತ್ತಿದರು.